ಹೂಡಿದವರು ಯಾರು?

ನಾನು ಬಾಡಿಗೆಗಿರುವ ಊರಿನ ಹೆಸರು ಹೂಡಿ. ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ ಬರುತ್ತದೆ. ‘ಮಗಳು ಹೂಡೀಲಿ ಮನೆ ಮಾಡವ್ಳೆ’ ಎಂದು ಅಮ್ಮ ಮಾಲೂರಿನಿಂದ ಯಾರಿಗೋ ಫೋನಿನಲ್ಲಿ ಹೇಳಿದಾಗ ಆ ಕಡೆಯವರು ‘ಏನನ್ನ ಹೂಡಿ?’ ಎಂದು ಕೇಳಿದರಂತೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲಿ ನೇಗಿಲು ಹೂಡುತ್ತೇವೆ, ಒಲೆ ಹೂಡುತ್ತೇವೆ, ಬಾಣ ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ಹಣ ಹೂಡುತ್ತೇವೆ, ಸಂಚು ಹೂಡುತ್ತೇವೆ, ಕೋರ್ಟಿನಲ್ಲಿ ದಾವೆ ಹೂಡುತ್ತೇವೆ. ಊರಿನ ಹೆಸರಿಗೂ ಈ ಕ್ರಿಯಾಪದಕ್ಕೂ ನಂಟು ಹಚ್ಚುವುದು ಸ್ಥಳನಾಮದವರ ಕೆಲಸ. ನನಗೆ ಈ ಪದ ಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ.

ನನ್ನ ಪಿಎಚ್‌ಡಿ ಕಂಪ್ಯೂಟರ್ ವಿಜ್ಞಾನದಲ್ಲಿ. ಜಾವಾ ಭಾಷೆಯ ಪ್ರೋಗ್ರಾಮು ಓಡುತ್ತಿರುವಾಗ ಅದರ ಭಾಗಗಳನ್ನು ಒಂದೊಂದಾಗಿ ಹುಡುಕಿ ತಂದು ಸೇರಿಸುವ ಕ್ರಿಯೆಗೆ ‘ಕ್ಲಾಸ್ ಲೋಡಿಂಗ್’ ಎನ್ನುತ್ತಾರೆ. ಪ್ರೋಗ್ರಾಮನ್ನು ಓಡಿಸದೆ, ಬರೀ ಓದಿ, ಅದರೊಳಗಿನ ಯಾವ ಹೆಸರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಷ್ಟರಮಟ್ಟಿಗೆ ಹೇಳಬಹುದು ಎನ್ನುವುದು ನನ್ನ ಪ್ರಬಂಧದ ಪ್ರಶ್ನೆ. ‘ಲೋಡ್’ ಎಂದ ತಕ್ಷಣ ಹೆಂಚು, ಇಟ್ಟಿಗೆಯ ಮಾಲೂರಿನವಳಾದ ನನಗೆ ಲಾರಿ ಕಣ್ಣಿಗೆ ಬರುತ್ತದೆ. ಆದರೆ ಇಲ್ಲಿ ಆಗುವುದು ಲಾರಿ ತುಂಬುವ ಕೆಲಸವಲ್ಲ. ಇಟ್ಟಿಗೆ ಭಟ್ಟಿಯಲ್ಲಿದ್ದರೂ ಲಾರಿಯಲ್ಲಿದ್ದರೂ ಇಟ್ಟಿಗೆಯೇ. ನೊಗಕ್ಕೆ ಹೂಡಿದ ಎತ್ತು ಹಾಗಲ್ಲ. ಯಾವ ನೊಗ, ಜೋಡಿ ಯಾವುದು, ಹೂಡಿದವರು ಯಾರು ಎನ್ನುವುದೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಕ್ಲಾಸ್ ಲೋಡರಿಗೆ ‘ಹೂಡುಗ’ ಎಂದು ಹೆಸರಿಟ್ಟುಕೊಂಡಿದ್ದೇನೆ. ನನ್ನ ಗೈಡಿಗೆ ಕನ್ನಡ ಬಾರದಿರುವುದರಿಂದ ಆಕ್ಷೇಪಣೆ ಬಂದಿಲ್ಲ.

ಸ್ವಲ್ಪ ವಿವರಿಸುತ್ತೇನೆ, ಹೆದರಬೇಡಿ. ಜಾವಾ ಪ್ರೋಗ್ರಾಮು ಒಂದೇ ದೊಡ್ಡ ಗಂಟಾಗಿರುವುದಿಲ್ಲ. ‘ಕ್ಲಾಸ್’ ಎಂಬ ಸಣ್ಣ ಸಣ್ಣ ಘಟಕಗಳಿರುತ್ತವೆ, ಒಂದೊಂದೂ ಒಂದೊಂದು ಫೈಲು. ಎಲ್ಲ ಫೈಲುಗಳ ಮೊದಲ ನಾಲ್ಕು ಬೈಟುಗಳೂ ಒಂದೇ. ಹದಿನಾರರ ಅಂಕಿಪದ್ಧತಿಯಲ್ಲಿ ಓದಿದರೆ ‘ಕೆಫೆ ಬೇಬ್’ ಎಂದಾಗುತ್ತದೆ, ಜಾವಾ ಮಾಡಿದವರ ತಮಾಷೆ. ಓಡುತ್ತಿರುವ ಪ್ರೋಗ್ರಾಮಿಗೆ ಒಂದು ಕ್ಲಾಸು ನಿಜವಾಗಿ ಬೇಕಾದಾಗ ಅದನ್ನು ಹುಡುಕಿ ತರುವುದು ಹೂಡುಗನ ಕೆಲಸ. ಅವನು ಡಿಸ್ಕಿನಿಂದ ತರಬಹುದು, ನೆಟ್‌ವರ್ಕಿನಿಂದ ತರಬಹುದು, ಆ ಕ್ಷಣದಲ್ಲೇ ಹೆಣೆದೂ ಕೊಡಬಹುದು. 1990ರ ದಶಕದಲ್ಲಿ ಯಾರದೋ ಸರ್ವರಿನಲ್ಲಿದ್ದ ಪ್ರೋಗ್ರಾಮನ್ನು ನಮ್ಮ ಬ್ರೌಸರಿನೊಳಗೆ ಓಡಿಸುವ ಆಸೆ ಜಾವಾದವರಿಗಿತ್ತು. ಅದಕ್ಕೆ ಇಂಥದೊಂದು ಏರ್ಪಾಡು ಬೇಕೇ ಬೇಕಿತ್ತು.

ಹೂಡುಗರದು ಕೂಡುಕುಟುಂಬ. ಒಂದು ಹೆಸರು ಎದುರಾದರೆ ಹೂಡುಗ ತಾನೇ ಹುಡುಕುವಂತಿಲ್ಲ, ಮೊದಲು ತನ್ನ ಹಿರಿಯನನ್ನು ಕೇಳಬೇಕು. ಆತ ತನ್ನ ಹಿರಿಯನನ್ನು. ಮೇಲಿನವರಾರಿಗೂ ಸಿಗದಿದ್ದರೆ ಮಾತ್ರ ಕೆಳಗಿನವರ ಸರದಿ. 1998ರ ಡಿಸೆಂಬರಿನಲ್ಲಿ ಬಂದ ಜಾವಾ 1.2ರಿಂದ ಇದು ರೂಢಿಯ ನಿಯಮವಾಯಿತು. ಹಾಗಾದರೆ ಎಲ್ಲರಿಗಿಂತ ಮೊದಲಿನವನು ಯಾರು? ಹೂಡುಗರೂ ಕ್ಲಾಸುಗಳೇ, ಅವರನ್ನೂ ಯಾರಾದರೂ ಹೂಡಬೇಕು. ಈ ಸರಪಳಿ ಎಲ್ಲಾದರೂ ನಿಲ್ಲಬೇಕಲ್ಲ, ಅದಕ್ಕಾಗಿ ‘ಬೂಟ್‌ಸ್ಟ್ರಾಪ್’ ಎಂಬೊಬ್ಬನನ್ನು ಯಂತ್ರದ ಒಳಗೇ ಕೂರಿಸಿದ್ದಾರೆ. ಅವನು ಹೂಡಿದ ಯಾವುದಾದರೂ ಮೂಲ ಕ್ಲಾಸನ್ನು ‘ನಿನ್ನನ್ನು ಹೂಡಿದವರು ಯಾರು’ ಎಂದು ಕೇಳಿದರೆ ಬರುವ ಉತ್ತರ ‘ನಲ್’, ಅಂದರೆ ಏನೂ ಇಲ್ಲ. ಅಲ್ಲಮನನ್ನು ಓದಿದವರಿಗೆ ಈ ಉತ್ತರ ಹೊಸದಲ್ಲ ಎಂದು ಲ್ಯಾಬಿನಲ್ಲಿ ಒಮ್ಮೆ ಹೇಳಿದೆ. ಯಾರೂ ನಗಲಿಲ್ಲ.

ನಾನು ಈ ವಿಷಯಕ್ಕೆ ಬಿದ್ದದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಜಾವಾ ಯಂತ್ರದ ಮಟ್ಟಿಗೆ ಒಂದು ಕ್ಲಾಸಿನ ಗುರುತು ಅದರ ಹೆಸರಲ್ಲ. ಹೆಸರು ಮತ್ತು ಹೂಡಿದವರು, ಈ ಎರಡೂ ಸೇರಿದ್ದು ಅದರ ಗುರುತು. ಒಂದೇ ಫೈಲನ್ನು, ಒಂದು ಬೈಟೂ ವ್ಯತ್ಯಾಸವಿಲ್ಲದೆ, ಪರಸ್ಪರ ಸಂಬಂಧವಿಲ್ಲದ ಇಬ್ಬರು ಹೂಡುಗರು ಬೇರೆ ಬೇರೆಯಾಗಿ ತಂದರೆ ಅವು ಎರಡು ಕ್ಲಾಸುಗಳು. ಹೊಸದಾಗಿ ಸೇರಿದ ಎಂ.ಟೆಕ್ ಹುಡುಗರಿಗೆ ತೋರಿಸಲೆಂದು ‘ಹೂಡಿ’ ಎಂಬ ಹೆಸರಿನದೊಂದು ಕ್ಲಾಸು ಬರೆದಿದ್ದೆ (ಜಾವಾದಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಎಷ್ಟೋ ಜನರಿಗೆ ಇದು ಗೊತ್ತಿಲ್ಲ). ಇಬ್ಬರು ಹೂಡುಗರಿಂದ ಅದನ್ನು ತರಿಸಿ, ಒಬ್ಬನದನ್ನು ಇನ್ನೊಬ್ಬನ ಜಾಗದಲ್ಲಿ ಇಡಲು ಹೋದರೆ ಯಂತ್ರ ದೂರು ಕೊಟ್ಟು ನಿಲ್ಲುತ್ತದೆ: ಹೂಡಿಯನ್ನು ಹೂಡಿ ಎಂದು ಒಪ್ಪಲಾಗದು. ಇತ್ತೀಚಿನ ಆವೃತ್ತಿಗಳು ಇಂಥ ಹೂಡಿ, ಇಂಥ ಹೂಡುಗನದು ಎಂದು ಬಿಡಿಸಿ ಹೇಳುತ್ತವೆ. ಮೊದಲು ಅದೂ ಇರಲಿಲ್ಲ. ಒಂದೇ ಹೆಸರು ಎರಡು ಸಲ ಅಚ್ಚಾಗಿರುವ ಆ ದೂರನ್ನು ಓದಿ ತಲೆ ಕೆಡಿಸಿಕೊಂಡವರು ನಮ್ಮ ಐಟಿಪಿಎಲ್ ರಸ್ತೆಯ ಉದ್ದಕ್ಕೂ ಸಿಗುತ್ತಾರೆ.

ನಮ್ಮ ಮನೆಯ ಓನರ್ ಅಜ್ಜಿಗೆ ಇದನ್ನು ಹೇಳಿದಾಗ ಅವರಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಅವರು ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವರು. ಅವರ ಹೂಡಿಗೆ ಕೆರೆಯೇ ಎಲ್ಲೆ. ಅದರಾಚೆಗಿನದು ಇನ್ನೊಂದು ಊರು. 2023ರ ಮಾರ್ಚಿನಲ್ಲಿ ಶುರುವಾದ ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ ಹೂಡಿ’ ಎಂದು ಕೇಳಿಸುವುದು ಬೇರೆ ಹೂಡಿ, ರೈಲ್ವೆಯವರ ಹೂಡಿ ಹಾಲ್ಟ್ ಮತ್ತೊಂದು, ಅಪಾರ್ಟ್‌ಮೆಂಟಿನ ಜಾಹೀರಾತುಗಳ ಹೂಡಿ ಎಲ್ಲಿಯವರೆಗೆ ಬೇಕಾದರೂ ಹಬ್ಬುತ್ತದೆ. ‘ನೀವು ಹೇಳೋ ಹೂಡಿ ನಂದಲ್ಲ ಬಿಡವ್ವ’ ಎಂದು ಅಜ್ಜಿ ಅವರೆಕಾಯಿ ಬಿಡಿಸುತ್ತ ಹೇಳಿದರು. ಜಾವಾ ಯಂತ್ರ ಇದಕ್ಕಿಂತ ಚುಟುಕಾಗಿ ಹೇಳಲಾರದು.

ಇದು ಬರೀ ತಮಾಷೆಯ ವಿಚಾರವೂ ಅಲ್ಲ. 1997ರಲ್ಲಿ ವಿಜಯ್ ಸಾರಸ್ವತ್ ಎಂಬ ವಿಜ್ಞಾನಿ, ಐಐಟಿ ಕಾನ್ಪುರದಲ್ಲಿ ಓದಿ ಆಗ ಅಮೆರಿಕದ ಎಟಿ ಅಂಡ್ ಟಿ ಸಂಶೋಧನಾಲಯದಲ್ಲಿದ್ದವರು, ‘ಜಾವಾ ಈಸ್ ನಾಟ್ ಟೈಪ್-ಸೇಫ್’ ಎಂಬ ಟಿಪ್ಪಣಿ ಬರೆದರು. ಜಾವಾದ ದೊಡ್ಡ ಹೆಮ್ಮೆಯೇ ಅದರ ಸುರಕ್ಷತೆಯಾಗಿದ್ದ ಕಾಲವದು. ಒಬ್ಬ ಹೂಡುಗನ ಲೋಕದಲ್ಲಿ ಹುಟ್ಟಿದ ವಸ್ತು ಅದೇ ಹೆಸರಿನ ಚೀಟಿ ಹಿಡಿದು ಇನ್ನೊಬ್ಬ ಹೂಡುಗನ ಲೋಕಕ್ಕೆ ದಾಟಿಬಿಟ್ಟರೆ, ಅಲ್ಲಿನವರು ಅದನ್ನು ತಮ್ಮದೇ ಎಂದು ನಂಬಿ ಅದರ ಮುಚ್ಚಿಟ್ಟ ಒಳಭಾಗಕ್ಕೆಲ್ಲ ಕೈಹಾಕಬಹುದು ಎಂದು ಅವರು ತೋರಿಸಿದರು. ಯಂತ್ರ ಕೆಲವು ಕಡೆ ಹೆಸರನ್ನಷ್ಟೇ ನೋಡಿ ಸುಮ್ಮನಾಗುತ್ತಿತ್ತು. ಮರುವರ್ಷ, 1998ರಲ್ಲಿ, ಸನ್ ಕಂಪನಿಯ ಶೆಂಗ್ ಲಿಯಾಂಗ್ ಮತ್ತು ಗಿಲಾಡ್ ಬ್ರಾಚಾ ಇದಕ್ಕೆ ಪರಿಹಾರವನ್ನು ವಿವರಿಸಿ ಒಂದು ಪ್ರಬಂಧ ಮಂಡಿಸಿದರು. ಇಬ್ಬರು ಹೂಡುಗರ ನಡುವೆ ಒಂದು ಹೆಸರು ಹಾದುಹೋಗುತ್ತದೆ ಎಂದಾದರೆ, ಆ ಹೆಸರಿಗೆ ಇಬ್ಬರೂ ಒಂದೇ ಅರ್ಥ ಕೊಡಬೇಕು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಮುಂದೆಂದಾದರೂ ಯಾರಾದರೂ ಬೇರೆ ಅರ್ಥ ತಂದರೆ ಅಲ್ಲಿಗೇ ತಡೆಯುತ್ತದೆ. ನಾನು ಅತಿ ಹೆಚ್ಚು ಸಲ ಓದಿರುವ ಪ್ರಬಂಧ ಇದು. ಹೆಸರು ಒಂದಿದ್ದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ ಎಂಬುದನ್ನು ಒಂದು ಭಾಷೆ ತನ್ನ ಕಾನೂನಾಗಿ ಬರೆದುಕೊಂಡದ್ದು ನನಗೆ ಇಂದಿಗೂ ಇಷ್ಟವಾಗುತ್ತದೆ.

ಇಷ್ಟು ನನ್ನ ಓದಿನ ಮಾತು. ಇನ್ನು ಅಪ್ಪನದು.

ಅಪ್ಪ ಮಾಲೂರಿನಲ್ಲಿ ಕೋರ್ಟಿನ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದರು. ಮದುವೆ ಪತ್ರಿಕೆ, ಶ್ರದ್ಧಾಂಜಲಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಮಾಡುತ್ತಿದ್ದರೂ ಹೊಟ್ಟೆ ತುಂಬಿಸಿದ್ದು ವಕೀಲರ ಕೆಲಸ: ದಾವೆ, ಕ್ರಯಪತ್ರ, ಪಾಲುಪಟ್ಟಿ, ಕರಾರು. 2021ರಲ್ಲಿ ಅವರು ಹೋದ ಮೇಲೆ ಅಂಗಡಿ ಮುಚ್ಚಿ, ಡಿಸ್ಕು ಬಿಚ್ಚಿ ನಾನು ಹೂಡಿಗೆ ತಂದೆ. ಇಪ್ಪತ್ತು ವರ್ಷಗಳ ಕಡತಗಳು. ಮಾರಿಬಿಡೋಣ ಎಂದರೆ ಅಮ್ಮ ಒಪ್ಪಲಿಲ್ಲ. ಈಗಲೂ ಜನ ಮನೆ ಬಾಗಿಲಿಗೆ ಬಂದು ‘ನಮ್ಮ ಪತ್ರ ನಿಮ್ಮೆಜಮಾನ್ರೇ ಟೈಪ್ ಮಾಡಿದ್ದು, ಒಂದು ಕಾಪಿ ಸಿಗ್ತದಾ’ ಎಂದು ಕೇಳುತ್ತಾರೆ.

ಕಡತಗಳೆಲ್ಲ ‘ನುಡಿ’ಯಲ್ಲಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರಿ ಕಚೇರಿಗಳಿಂದ ಹಿಡಿದು ಅಪ್ಪನಂಥ ಅಂಗಡಿಗಳವರೆಗೆ ಎಲ್ಲರ ಬೆರಳಿಗೂ ಅಂಟಿದ್ದ ತಂತ್ರಾಂಶ ಅದು. ಯುನಿಕೋಡ್ ನಮ್ಮ ಕಡೆ ಬಳಕೆಗೆ ಬರುವ ಮೊದಲು ಕನ್ನಡ ಕಂಪ್ಯೂಟರಿಗೆ ಇಳಿದದ್ದು ಹೀಗೆ: ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ‘ಕನ್ನಡ’ ಎಂಬ ಪದವನ್ನೇ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊದಲು ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೆರೆ ಎಳೆದ ಫ್ರೆಂಚರ ‘ಎ’. ಎರಡೂ ಸೇರಿ ‘ಕ’. ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ನಕಾರದ್ದು. ಅದರ ಕೆಳಗಿನ ಒತ್ತಕ್ಷರದ ಜಾಗದಲ್ಲಿ ಜರ್ಮನರ ಜೋಡಿ ‘ಎಸ್’. ಹೀಗೆ ಏಳು ಬೈಟು. ಯುನಿಕೋಡಿನ ಯುಟಿಎಫ್-8ರಲ್ಲಿ ಅದೇ ಪದಕ್ಕೆ ಹದಿನೈದು. ‘ಧರ್ಮ’ದ ಅರ್ಕಾವತ್ತು ಐಸ್‌ಲ್ಯಾಂಡಿನವರ ಒಂದು ಅಕ್ಷರದ ಜಾಗದಲ್ಲಿದೆ, ಅದೂ ನಾವು ಕೈಯಲ್ಲಿ ಬರೆಯುವ ಕ್ರಮದಲ್ಲೇ ‘ಮ’ ಆದಮೇಲೆ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಕನ್ನಡವನ್ನು ಇಷ್ಟು ದೇಶಗಳ ಅಕ್ಷರ ಬಾಡಿಗೆಗೆ ಪಡೆದು ಬರೆದಿದ್ದೇವೆಂದು ಅಪ್ಪನಿಗೆ ಹೇಳಿದ್ದರೆ ಖುಷಿಪಡುತ್ತಿದ್ದರು.

ಇದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಚೆನ್ನಾಗಿಯೂ ಇವೆ. ತೊಡಕು ಇರುವುದು ಬೆರಕೆಯಲ್ಲಿ. ವಕೀಲರ ಕನ್ನಡದಲ್ಲಿ ಇಂಗ್ಲಿಷು ಕಡ್ಡಾಯ. ವರ್ಡ್ ಕಡತದಲ್ಲಿ ಒಂದು ಸಾಲಿನ ಅರ್ಧ ನುಡಿ ಫಾಂಟಿನಲ್ಲಿದ್ದರೆ ಇನ್ನರ್ಧ ಇಂಗ್ಲಿಷ್ ಫಾಂಟಿನಲ್ಲಿರುತ್ತದೆ. ಬೈಟುಗಳನ್ನಷ್ಟೇ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ: ‘ಪ್ಲಾಟ್’ ಎಂಬುದರ ಇಂಗ್ಲಿಷ್ ‘ಪಿ’ಯೂ ‘ಕ’ದ ಮೊದಲ ತುಂಡಾದ ‘ಪಿ’ಯೂ ಒಂದೇ ಸಂಖ್ಯೆ. ಅಷ್ಟೇಕೆ, ನುಡಿಯ ಫಾಂಟುಗಳಲ್ಲೇ ಹೆಸರಿನ ಕೊನೆಗೆ ‘ಇ’ ಇದ್ದರೆ ಅಂಕಿಗಳು ಇಂಗ್ಲಿಷಿನವು, ‘ಕೆ’ ಇದ್ದರೆ ಕನ್ನಡದವು. ಅಂದರೆ ಅಪ್ಪನ ಕಡತದಲ್ಲಿ ಒಂದು ಅಕ್ಷರದ ಗುರುತು ಬರೀ ಆ ಬೈಟಲ್ಲ. ಬೈಟು ಮತ್ತು ಫಾಂಟು, ಎರಡೂ ಸೇರಿದ್ದು. ಹೆಸರು ಮತ್ತು ಹೂಡುಗ! ಇದು ಹೊಳೆದ ರಾತ್ರಿ ನನ್ನ ಓದು ಮತ್ತು ಅಪ್ಪನ ಅಂಗಡಿ ಒಂದೇ ಬೀದಿಯಲ್ಲಿವೆ ಎನ್ನಿಸಿತು.

ಎಲ್ಲವನ್ನೂ ಒಂದೇ ಸಲ ಯುನಿಕೋಡಿಗೆ ಬದಲಿಸಿ ಹಳೆಯದನ್ನು ಎಸೆಯಬಹುದಿತ್ತು. ಬೇಡವೆನ್ನಿಸಿತು. ಬದಲಿಸುವುದೆಂದರೆ ಒಂದು ಓದನ್ನು ಶಾಶ್ವತ ಮಾಡಿದಂತೆ. ನಾಳೆ ಬೇರೆ ರೀತಿ ಓದಬೇಕಾಗಿ ಬಂದರೆ ಮೂಲವೇ ಇರುವುದಿಲ್ಲ. ಬೈಟುಗಳು ಅಪ್ಪ ಬಿಟ್ಟಂತೆಯೇ ಇರಬೇಕು, ಓದುವವರಿಗೆ ಮಾತ್ರ ಕನ್ನಡ ಕಾಣಬೇಕು.

ಇದಕ್ಕೆ ಜಾವಾದಲ್ಲೇ ದಾರಿಯಿದೆ. 2011ರ ಜುಲೈನಲ್ಲಿ ಬಂದ ಜಾವಾ 7ರಿಂದ ‘ಫೈಲ್ ಸಿಸ್ಟಮ್ ಪ್ರೊವೈಡರ್’ ಎಂಬ ವ್ಯವಸ್ಥೆ ಸೇರಿದೆ. ಪ್ರೋಗ್ರಾಮು ‘ಈ ಹೆಸರಿನ ಫೈಲು ಕೊಡು’ ಎಂದು ಕೇಳಿದಾಗ ನಿಜವಾದ ಡಿಸ್ಕೇ ಉತ್ತರ ಕೊಡಬೇಕೆಂದಿಲ್ಲ, ಮಧ್ಯೆ ನಾವು ಬರೆದ ಪ್ರೊವೈಡರ್ ಕೂತು ಉತ್ತರ ಕೊಡಬಹುದು. ಜಾವಾ ತಾನೇ ಹೀಗೆ ಜಿಪ್ ಕಡತವೊಂದನ್ನು ಫೋಲ್ಡರಿನಂತೆ ತೋರಿಸುತ್ತದೆ. 2017ರ ಸೆಪ್ಟೆಂಬರಿನ ಜಾವಾ 9ರಿಂದ ತನ್ನದೇ ಮೂಲ ಕ್ಲಾಸುಗಳನ್ನೂ ಇಂಥದೇ ಒಂದು ತೋರಿಕೆಯ ಫೈಲ್ ಸಿಸ್ಟಮ್ಮಿನ ಮೂಲಕ ಕಾಣಿಸುತ್ತದೆ. ಕೇಳುವ ಪ್ರೋಗ್ರಾಮಿಗೆ ಅದರ ಗೊಡವೆ ಇಲ್ಲ. ಹಾಗೆ ನಾನು ‘ನುಡಿ’ ಎಂಬ ಪ್ರೊವೈಡರ್ ಬರೆದೆ. ಕಡತ ತೆರೆದಾಗ ‘ಅಪಾಚೆ ಪಿಒಐ’ ಎಂಬ ಮುಕ್ತ ತಂತ್ರಾಂಶದಿಂದ ಪ್ರತಿ ತುಣುಕಿನ ಫಾಂಟು ಕೇಳಿ, ನುಡಿಯಾಗಿದ್ದರೆ ಯುನಿಕೋಡಿಗೆ ತಿರುಗಿಸಿ, ಇಂಗ್ಲಿಷಾಗಿದ್ದರೆ ಹಾಗೇ ಬಿಟ್ಟು, ಶುದ್ಧ ಪಠ್ಯವಾಗಿ ಕೊಡುತ್ತದೆ. ಒಂದು ಸಣ್ಣ ವ್ಯಂಗ್ಯ: ಕ್ಲಾಸಿನ ಹೆಸರನ್ನು ಕನ್ನಡದಲ್ಲಿ ಇಡಬಹುದು, ಆದರೆ ವಿಳಾಸದ ಮೊದಲಿಗೆ ಬರುವ ಪ್ರೊವೈಡರಿನ ಹೆಸರು ರೋಮನ್ ಅಕ್ಷರದಲ್ಲ್ಲದೆ ಬೇರೆಯದರಲ್ಲಿ ಇರುವಂತಿಲ್ಲ.

ಬರೆಯುವಾಗ ಸಿಕ್ಕ ಮೊದಲ ಸಮಸ್ಯೆ ಕಡತದ ಗಾತ್ರ. ‘ನಿನ್ನ ಗಾತ್ರವೆಷ್ಟು’ ಎಂದು ಯಾರಾದರೂ ಕೇಳಿದರೆ ಡಿಸ್ಕಿನಲ್ಲಿರುವ ಏಳು ಹೇಳಬೇಕೋ, ಓದಲು ಸಿಗುವ ಹದಿನೈದು ಹೇಳಬೇಕೋ? ಹದಿನೈದೆಂದು ಹೇಳಬೇಕಾದರೆ ಕೇಳಿದಾಗಲೇ ಇಡೀ ಕಡತ ತಿರುಗಿಸಿರಬೇಕು. ಕಡತದ ಮಧ್ಯಕ್ಕೆ ನೇರ ಹಾರುತ್ತೇನೆ ಎನ್ನುವ ಪ್ರೋಗ್ರಾಮುಗಳೂ ಇರುತ್ತವೆ, ಅವಕ್ಕೂ ಇದೇ ಉತ್ತರ. ಕೊನೆಗೆ ತೆರೆದ ಕೂಡಲೇ ಪೂರ್ತಿ ತಿರುಗಿಸಿ ನೆನಪಿನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ಪಾಲುಪಟ್ಟಿಗಳು ಎಷ್ಟು ಉದ್ದವಿದ್ದಾವು?

ಎರಡನೆಯದರಲ್ಲಿ ಮತ್ತೆ ಹೂಡುಗರು ಬಂದರು. ಪ್ರೊವೈಡರ್ ಕೂಡ ಒಂದು ಕ್ಲಾಸು, ಅದನ್ನೂ ಫೈಲಿನಿಂದಲೇ ಹೂಡಬೇಕು. ಫೈಲು ಓದುವುದಕ್ಕೆ ಪ್ರೊವೈಡರ್ ಬೇಕು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಲು ಕನ್ನಡಕವೇ ಬೇಕಾದ ಹಾಗೆ. ನಮ್ಮದನ್ನೇ ಇಡೀ ಯಂತ್ರದ ಮೂಲ ಪ್ರೊವೈಡರ್ ಮಾಡಲು ಜಾವಾ ಅವಕಾಶ ಕೊಡುತ್ತದೆ, ಆದರೆ ಯಂತ್ರ ಏಳುವವರೆಗೂ ತನ್ನ ಸ್ವಂತದ್ದನ್ನೇ ಬಳಸಿ, ಎದ್ದ ಮೇಲಷ್ಟೇ ನಮ್ಮದಕ್ಕೆ ಅಧಿಕಾರ ಬಿಟ್ಟುಕೊಡುತ್ತದೆ. ನನಗೆ ಅಷ್ಟು ದೊಡ್ಡ ಪಟ್ಟ ಬೇಕಿರಲಿಲ್ಲ. ಮಾಲೂರಿನಲ್ಲಿ ಅಮ್ಮ ಬ್ರೌಸರಿನಲ್ಲಿ ಹುಡುಕಿದರೆ ಕಡತ ಕಂಡರೆ ಸಾಕಿತ್ತು. ಅದಕ್ಕೆ ಟಾಮ್‌ಕ್ಯಾಟ್ ಎಂಬ ಸರ್ವರಿನಲ್ಲಿ ಇಟ್ಟೆ. ಅಲ್ಲಿ ಪ್ರತಿ ಅಪ್ಲಿಕೇಶನ್ನಿಗೂ ಸ್ವಂತ ಹೂಡುಗನಿದ್ದಾನೆ, ಅವನು ಮನೆಯ ನಿಯಮ ತಿರುಗಿಸಿದವನು: ಜಾವಾದ ಮೂಲ ಕ್ಲಾಸುಗಳ ಹೊರತು ಉಳಿದದ್ದಕ್ಕೆ ಮೊದಲು ತನ್ನ ಮನೆ ನೋಡುತ್ತಾನೆ, ಆಮೇಲೆ ಹಿರಿಯರನ್ನು ಕೇಳುತ್ತಾನೆ. ಹಾಗಾಗಿ ಒಂದೇ ಸರ್ವರಿನಲ್ಲಿ ಎರಡು ಅಪ್ಲಿಕೇಶನ್ನುಗಳು ಒಂದೇ ತಂತ್ರಾಂಶದ ಎರಡು ಆವೃತ್ತಿ ಇಟ್ಟುಕೊಂಡು ಜಗಳವಿಲ್ಲದೆ ಬಾಳಬಹುದು. ಆದರೆ ಜಾವಾ ‘ಊರಲ್ಲಿ ಯಾವ ಯಾವ ಪ್ರೊವೈಡರುಗಳಿದ್ದಾರೆ’ ಎಂದು ಪಟ್ಟಿ ಮಾಡುವುದು ಒಂದೇ ಸಲ, ಅದೂ ವ್ಯವಸ್ಥೆಯ ಹಿರಿಯ ಹೂಡುಗನ ಕಣ್ಣಿನಿಂದ. ಮಕ್ಕಳು ಹಿರಿಯರನ್ನು ಕೇಳಬಲ್ಲರು. ಹಿರಿಯರು ಬಗ್ಗಿ ಮಕ್ಕಳ ಕೋಣೆಯನ್ನು ನೋಡುವುದಿಲ್ಲ. ನನ್ನ ‘ನುಡಿ’ ಅಪ್ಲಿಕೇಶನ್ನಿನ ಕೋಣೆಯಲ್ಲಿತ್ತು. ಹೀಗಾಗಿ ಪಟ್ಟಿಯಲ್ಲಿ ಅದಿಲ್ಲ, ‘ಇಂಥ ಪ್ರೊವೈಡರ್ ಇಲ್ಲ’ ಎಂಬ ಉತ್ತರ.

ಇದನ್ನು ಬಲ್ಲವರು ಜಾವಾದಲ್ಲೇ ಒಂದು ಕಿಟಕಿ ಇಟ್ಟಿದ್ದಾರೆ: ಫೈಲ್ ಸಿಸ್ಟಮ್ ತೆರೆಯುವಾಗ ‘ಪಟ್ಟಿಯಲ್ಲಿ ಸಿಗದಿದ್ದರೆ ಈ ಹೂಡುಗನನ್ನು ಕೇಳು’ ಎಂದು ನಾವೇ ಕೈಗೆ ಕೊಡಬಹುದು. ಕೊಟ್ಟೆ, ತೆರೆಯಿತು. ಆಮೇಲೂ ವಿಳಾಸವೊಂದನ್ನು ಹಿಡಿದು ನೇರ ಹೋದರೆ ಬಾಗಿಲು ಮುಚ್ಚಿಯೇ ಇರುತ್ತದೆ, ಏಕೆಂದರೆ ವಿಳಾಸ ಬಿಡಿಸುವವನು ನೋಡುವುದು ಮತ್ತೆ ಅದೇ ಪಟ್ಟಿ. ತೆರೆದವರ ಕೈ ಹಿಡಿದುಕೊಂಡೇ ಒಳಗೆ ಹೋಗಬೇಕು. ತಾಲೂಕು ಕಚೇರಿಗೆ ಹೋಗಿ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಅಂತೂ ಕೆಲಸ ನಡೆಯಿತು. ಅಮ್ಮ ಹೆಸರು ಹಾಕಿ ಹುಡುಕಿ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿಕೊಡುತ್ತಿದ್ದರು. ವರ್ಡ್ ಕಡತಗಳಿಗೆ ಫಾಂಟಿನ ಸಾಕ್ಷಿಯಿತ್ತು. ಅಪ್ಪ ಅಲ್ಲಲ್ಲಿ ನೋಟ್‌ಪ್ಯಾಡಿನಲ್ಲಿ ಅಂಟಿಸಿಟ್ಟ ತುಣುಕುಗಳಿದ್ದವು, ಅವಕ್ಕೆ ಆ ಸಾಕ್ಷಿಯಿಲ್ಲ. ಬರೀ ಬೈಟು, ಹೂಡುಗನಿಲ್ಲದ ಹೆಸರು. ಅದಕ್ಕೂ ಊಹೆಯ ಉಪಾಯ ಮಾಡಿದ್ದೆ. ನುಡಿಯ ಕನ್ನಡದಲ್ಲಿ ನಾಲ್ಕು ಅಕ್ಷರ ಬಂದರೆ ಯೂರೋಪಿನ ಗೆರೆ ಚುಕ್ಕೆಗಳು ಬಂದೇ ಬರುತ್ತವೆ, ಇಂಗ್ಲಿಷಿನಲ್ಲಿ ಅವಿಲ್ಲ. ಬಹುಪಾಲು ಸರಿಹೋಗುತ್ತಿತ್ತು.

ಕಳೆದ ಆಷಾಢದಲ್ಲಿ ಮಾಲೂರಿನ ಕಡೆಯ ಹಳ್ಳಿಯ ಒಬ್ಬ ಹೆಂಗಸು ಅಮ್ಮನ ಹತ್ತಿರ ವಿಳಾಸ ಪಡೆದು, ಲೋಕಲ್ ಗಾಡಿ ಹತ್ತಿ ಹೂಡಿ ಹಾಲ್ಟಿನಲ್ಲಿ ಇಳಿದು ನಮ್ಮ ಮನೆಗೇ ಬಂದರು. ಅರವತ್ತರ ಹತ್ತಿರದವರು. ಮೂವರು ಅಣ್ಣಂದಿರು, ಇವರೊಬ್ಬರೇ ಹೆಣ್ಣು. ಮಗಳಿಗೂ ಗಂಡುಮಕ್ಕಳ ಸಮಕ್ಕೆ ಹಕ್ಕು ಎಂದು 2005ರಲ್ಲಿ ಕಾಯಿದೆ ತಿದ್ದುಪಡಿಯಾದ ಮೇಲೆ ಇವರ ತಂದೆ ನಾಲ್ಕು ಪಾಲು ಮಾಡಿಸಲು ಅಪ್ಪನ ಅಂಗಡಿಗೆ ಬಂದಿದ್ದರಂತೆ. ಕರಡಾಯಿತು, ನೋಂದಣಿ ಆಗುವ ಮೊದಲೇ ಮುದುಕರು ತೀರಿಕೊಂಡರು. ಆಮೇಲೆ ಅಣ್ಣಂದಿರು ಕೇಳಿದ ಕಡೆ ಇವರು ಹಕ್ಕು ಬಿಟ್ಟು ಸಹಿ ಹಾಕಿದ್ದಾರೆ. ‘ಕೋರ್ಟಿಗಲ್ಲಮ್ಮ. ಅಪ್ಪ ನಂಗೆ ಯಾವ್ದು ಕೊಡ್ಬೇಕಂತಿದ್ದ ಅಂತ ತಿಳ್ಕೊಬೇಕು, ಅಷ್ಟೇ.’

ಹುಡುಕಿದೆ. ಎರಡು ಕಡತ ಸಿಕ್ಕವು. ಒಂದು ವರ್ಡಿನದು, ಜಮೀನನ್ನು ನಾಲ್ಕು ಭಾಗ ಮಾಡಿದ ಪಟ್ಟಿ. ಮೊದಲನೆಯ ಭಾಗ ಕೆರೆ ಕೆಳಗಿನ ಬಾವಿ ಇರುವ ಜಮೀನು, ಮೂರನೆಯದು ದಿಣ್ಣೆಯ ಮೇಲಿನ ರಾಗಿ ಹೊಲ. ಇನ್ನೊಂದು ನೋಟ್‌ಪ್ಯಾಡಿನ ತುಣುಕು, ಆರೇಳು ಸಾಲು. ಅದರಲ್ಲಿ ಮಗಳ ಹೆಸರಿದೆ, ಅವರಿಗೆ ಇಂಥ ಷೆಡ್ಯೂಲಿನ ಸ್ವತ್ತು ಎಂದಿದೆ. ಷೆಡ್ಯೂಲಿನ ಗುರುತು ಒಂದೇ ಒಂದು ಬೈಟು: ಇಂಗ್ಲಿಷಿನ ‘ಸಿ’. ಅದರ ಕೆಳಗೆ ಅಣ್ಣನೊಬ್ಬನಿಗೆ ‘ಡಿ’.

ನುಡಿ ಗೊತ್ತಿರುವವರಿಗೆ ಇಷ್ಟರಲ್ಲಿ ಅರ್ಥವಾಗಿರುತ್ತದೆ. ನುಡಿಯಲ್ಲಿ ‘ಅ’ ಅಕ್ಷರ ಕೂತಿರುವುದು ಇಂಗ್ಲಿಷ್ ‘ಸಿ’ಯ ಜಾಗದಲ್ಲಿ, ‘ಆ’ ಇರುವುದು ‘ಡಿ’ಯ ಜಾಗದಲ್ಲಿ. ಗೆರೆಯಿಲ್ಲ, ಚುಕ್ಕೆಯಿಲ್ಲ, ಊಹೆಗೆ ಆಧಾರವಿಲ್ಲ. ಇಂಗ್ಲಿಷೆಂದು ಓದಿದರೆ ಎ, ಬಿ, ಸಿ. ಅಂದರೆ ಮೂರನೆಯ ಪಾಲು. ಕನ್ನಡವೆಂದು ಓದಿದರೆ ‘ಅ’, ಅಂದರೆ ಮೊದಲನೆಯದು. ಅದೇ ಒಂದು ಬೈಟು ಒಂದು ಓದಿನಲ್ಲಿ ರಾಗಿ ಹೊಲ, ಇನ್ನೊಂದರಲ್ಲಿ ಬಾವಿಯ ಜಮೀನು.

ಅಪ್ಪನ ಬೇರೆ ಪಾಲುಪಟ್ಟಿಗಳನ್ನು, ಫಾಂಟಿನ ಸಾಕ್ಷಿ ಇರುವಂಥವನ್ನು, ತೆಗೆದು ನೋಡಿದೆ. ಕೆಲವು ವಕೀಲರಿಗೆ ಎ, ಬಿ, ಸಿ. ಕೆಲವರಿಗೆ ಅ, ಆ, ಇ. ಈ ತುಣುಕಿನಲ್ಲೇ ‘ಸರ್ವೆ ನಂಬರ್’ ಎಂಬುದು ಇಂಗ್ಲಿಷಿನಲ್ಲಿದೆ, ಹಾಗಾಗಿ ಬೆರಕೆ ಇದೆಯೆಂದಷ್ಟೇ ಗೊತ್ತಾಯಿತು. ಅಮ್ಮನಿಗೆ ಫೋನು ಮಾಡಿದೆ. ನುಡಿಯಲ್ಲಿ ಭಾಷೆ ಬದಲಿಸಲು ಒತ್ತುವುದು ಸ್ಕ್ರೋಲ್ ಲಾಕ್ ಕೀಲಿ. ‘ಆ ಕೀಲಿಮಣೇಲಿ ಅಕ್ಷರ ಅಳಿಸಿ ಹೋಗಿರೋದು ಅದೊಂದೇ ನೋಡು’ ಎಂದರು. ಅವರಿಗೂ ಅಷ್ಟೇ ಗೊತ್ತಿದ್ದದ್ದು.

ಪ್ರೊವೈಡರಿಗೆ ಒಂದು ತಿದ್ದುಪಡಿ ಮಾಡಿದೆ. ಸಾಕ್ಷಿ ಸಾಲದ ಕಡತಗಳನ್ನು ಅದು ಈಗ ಒಂದಾಗಿ ತೋರಿಸುವುದಿಲ್ಲ, ಎರಡಾಗಿ ತೋರಿಸುತ್ತದೆ: ಒಂದೇ ಹೆಸರು, ಕೊನೆಯಲ್ಲಿ ಒಂದಕ್ಕೆ ‘ಕನ್ನಡ’, ಇನ್ನೊಂದಕ್ಕೆ ‘ಇಂಗ್ಲಿಷ್’ ಎಂದು. ಡಿಸ್ಕಿನಲ್ಲಿರುವುದು ಮೊದಲಿನಂತೆ ಒಂದೇ. ಎರಡನ್ನೂ ಪ್ರಿಂಟು ತೆಗೆದು, ವರ್ಡ್ ಪಟ್ಟಿಯ ಜೊತೆ ಆಕೆಯ ಕೈಗೆ ಕೊಟ್ಟು, ಯಾಕೆ ಎರಡು ಎಂದು ವಿವರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

‘ಇದ್ರಲ್ಲಿ ಯಾವ್ದು ನಿಮ್ಮಪ್ಪ ಟೈಪ್ ಮಾಡಿದ್ದು?’

‘ಎರಡೂ ಅವರು ಮಾಡಿದ್ದೇ.’

ಅಜ್ಜಿ ಕೊಟ್ಟ ಕಾಫಿ ಕುಡಿದರು. ‘ಅ’ ಇದ್ದ ಹಾಳೆಯನ್ನು ಸೀರೆಯ ಮಡಿಕೆಯ ಒಳಗೆ ಬರುವಂತೆ ಚೀಲದಲ್ಲಿ ಇಟ್ಟರು, ‘ಸಿ’ ಇದ್ದದ್ದನ್ನು ಕೈಯಲ್ಲೇ ಹಿಡಿದುಕೊಂಡರು. ಬಂಗಾರಪೇಟೆ ಗಾಡಿಗೆ ಹೊತ್ತಾಯಿತೆಂದು ಹೊರಟಾಗ ಹಾಲ್ಟಿನವರೆಗೆ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಆ ಬಾವಿಗೆ ಎಷ್ಟು ಮೆಟ್ಟಿಲಿತ್ತು, ಈಜು ಕಲಿಸಿದ್ದು ಯಾವ ಅಣ್ಣ ಎಂದು ಹೇಳುತ್ತಿದ್ದರು.